ಮರ ಸಾಯುತ್ತದೆ, ಕೊಲ್ಲುವವರು ಯಾರು? ಆಧುನಿಕ ಕಾವ್ಯದಲ್ಲಿ ಪ್ರಕೃತಿಯ ಮೇಲಿನ ಹಿಂಸೆ

ಧಾರವಾಡದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಅನುವಾದದಲ್ಲಿ ಎದುರಾದ ಒಂದು ತೊಡಕನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಗೀವ್ ಪಟೇಲರು ಇಂಗ್ಲಿಷಿನಲ್ಲಿ ಬರೆದ ‘ಆನ್ ಕಿಲ್ಲಿಂಗ್ ಎ ಟ್ರೀ’ ಎಂಬ ಕವಿತೆ ಇಲ್ಲಿ ಹಲವರಿಗೆ ಪರಿಚಿತವಾಗಿರಬೇಕು. 1966ರಲ್ಲಿ ಬಂದ ಅವರ ಮೊದಲ ಸಂಕಲನದ ಕವಿತೆ ಅದು. ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಪಠ್ಯದಲ್ಲಿ ಸೇರಿದ್ದರಿಂದ ದೇಶದ ಎಷ್ಟೋ ಮಕ್ಕಳು ಅದನ್ನು ಓದಿದ್ದಾರೆ. ಪಟೇಲರು ಮುಂಬಯಿಯಲ್ಲಿ ವೈದ್ಯರಾಗಿದ್ದವರು, ಚಿತ್ರಕಲಾವಿದರು, ನಾಟಕಕಾರರು. 2023ರ ನವೆಂಬರಿನಲ್ಲಿ ತೀರಿಕೊಂಡರು. ಆ ಕವಿತೆಯನ್ನು ನನ್ನ ವಿದ್ಯಾರ್ಥಿಗಳಿಗಾಗಿ ಕನ್ನಡಕ್ಕೆ ತರಲು ಕುಳಿತವನು ಶೀರ್ಷಿಕೆಯನ್ನೇ ದಾಟಲಾರದೆ ಮೂರು ದಿನ ಒದ್ದಾಡಿದೆ.

ನಾವು ಕನ್ನಡದಲ್ಲಿ ಮರವನ್ನು ಕಡಿಯುತ್ತೇವೆ, ಕೊಯ್ಯುತ್ತೇವೆ, ಉರುಳಿಸುತ್ತೇವೆ, ಕೊಲ್ಲುವುದಿಲ್ಲ. ಆದರೆ ಮರಕ್ಕೆ ಜೀವವಿದೆ ಎಂಬುದು ನಮ್ಮ ಭಾಷೆಗೆ ಗೊತ್ತಿಲ್ಲವೆಂದಲ್ಲ. ಕತ್ತಲಾದ ಮೇಲೆ ಎಲೆ ಕೀಳಬೇಡ, ಗಿಡ ಮಲಗಿರುತ್ತದೆ ಎಂದು ನಮ್ಮ ತಾಯಂದಿರು ಹೇಳುತ್ತಿದ್ದರು. ಅರಳಿಗೆ ಉಪನಯನ ಮಾಡುತ್ತೇವೆ, ಅರಳಿಗೂ ಬೇವಿಗೂ ಮದುವೆ ಮಾಡಿಸುತ್ತೇವೆ. ನೀರು ಹಾಕದಿದ್ದರೆ ಗಿಡ ಸತ್ತುಹೋಯಿತು ಎನ್ನುತ್ತೇವೆ. ನಿದ್ದೆ, ಮದುವೆ, ಸಾವು ಎಲ್ಲವನ್ನೂ ಮರಕ್ಕೆ ಕೊಟ್ಟ ಭಾಷೆ ಕೊಲೆಯನ್ನು ಮಾತ್ರ ಕೊಡಲಿಲ್ಲ. ಮರ ಸಾಯುತ್ತದೆ, ಆದರೆ ಅದನ್ನು ಯಾರೂ ಕೊಲ್ಲುವುದಿಲ್ಲ. ‘ಮರ ಕೊಲ್ಲುವುದರ ಕುರಿತು’ ಎಂದು ಬರೆದರೆ ಕಿವಿಗೆ ಅಸಹಜವಾಗಿ ಕೇಳಿಸುತ್ತದೆ. ‘ಮರ ಕಡಿಯುವುದರ ಕುರಿತು’ ಎಂದು ಬರೆದರೆ ಕವಿತೆಯೇ ಸತ್ತುಹೋಗುತ್ತದೆ, ಏಕೆಂದರೆ ಕಡಿದ ಮಾತ್ರಕ್ಕೆ ಮರ ಸಾಯುವುದಿಲ್ಲ ಎಂಬುದೇ ಆ ಕವಿತೆಯ ವಸ್ತು.

ಕವಿತೆಯನ್ನು ಓದದವರಿಗಾಗಿ ಹೇಳುವುದಾದರೆ, ಅದು ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ತಿಳಿಸಿಕೊಡುವವನ ಧಾಟಿಯಲ್ಲಿದೆ. ಮರವನ್ನು ಕೊಲ್ಲಲು ಬಹಳ ಸಮಯ ಬೇಕು, ಚಾಕುವಿನಿಂದ ಒಮ್ಮೆ ಚುಚ್ಚಿದರೆ ಆಗದು. ಅದು ನೆಲವನ್ನು ನಿಧಾನವಾಗಿ ಉಣ್ಣುತ್ತ, ವರ್ಷಗಟ್ಟಲೆ ಬಿಸಿಲು, ಗಾಳಿ, ನೀರನ್ನು ಹೀರುತ್ತ ಬೆಳೆದದ್ದು. ಕೊಚ್ಚಿದರೂ ತೊಗಟೆಯ ಗಾಯ ಮಾಯುತ್ತದೆ, ಬುಡದಿಂದ ಮತ್ತೆ ಹಸಿರು ಕುಡಿ ಏಳುತ್ತದೆ. ಆದ್ದರಿಂದ ಬೇರನ್ನೇ ಹಗ್ಗ ಕಟ್ಟಿ ಮಣ್ಣಿನ ಗುಹೆಯಿಂದ ಹೊರಗೆಳೆಯಬೇಕು. ಅಷ್ಟು ವರ್ಷ ಒಳಗೇ ಅಡಗಿದ್ದ, ಬೆಳ್ಳಗೆ ಒದ್ದೆಯಾಗಿರುವ, ಅತಿ ಸೂಕ್ಷ್ಮವಾದ ಆ ಮೂಲವನ್ನು ಬಿಸಿಲಿಗೂ ಗಾಳಿಗೂ ಒಡ್ಡಬೇಕು. ಆಮೇಲೆ ಅದು ಸುಡುತ್ತದೆ, ಉಸಿರುಗಟ್ಟುತ್ತದೆ, ಕಂದುತ್ತದೆ, ತಿರುಚಿಕೊಳ್ಳುತ್ತದೆ, ಬತ್ತುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು. ಇಡೀ ಕವಿತೆಯಲ್ಲಿ ಒಂದು ನಿಟ್ಟುಸಿರಿಲ್ಲ, ಕಣ್ಣೀರಿಲ್ಲ, ‘ಅಯ್ಯೋ’ ಎಂಬ ಮಾತಿಲ್ಲ.

ನನ್ನ ನಂಬಿಕೆ ಇದು: ಪ್ರಕೃತಿಯ ಮೇಲೆ ಮನುಷ್ಯ ನಡೆಸುವ ಹಿಂಸೆಯನ್ನು ಕುರಿತ ಆಧುನಿಕ ಕವಿತೆಗಳಲ್ಲಿ ನಮ್ಮನ್ನು ನಿಜವಾಗಿ ಅಲುಗಾಡಿಸುವುದು ಮರದ ಪರವಾಗಿ ಅಳುವ ಕವಿತೆಯಲ್ಲ, ಕೊಡಲಿ ಹಿಡಿದ ಕೈಯ ಒಳಗಿನಿಂದ ಮಾತನಾಡುವ ಕವಿತೆ. ಈ ಮಾತನ್ನು ಒಪ್ಪುವಿರಾ, ಮತ್ತು ಶೀರ್ಷಿಕೆಗೆ ನೀವೇನು ಸೂಚಿಸುವಿರಿ ಎಂದು ತಿಳಿಯುವ ಆಸೆಯಿದೆ.

ಸೊಪ್ಪಿನಬೆಟ್ಟ

ಮೇಷ್ಟ್ರಿಗೆ ನಮಸ್ಕಾರ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ಶಿರಸಿ ಸೀಮೆಯ ಅಡಿಕೆ ಬೆಳೆಗಾರ. ಆದರೂ ನೀವು ಬರೆದ ಒಂದು ವಾಕ್ಯ, ಕಡಿದ ಮಾತ್ರಕ್ಕೆ ಮರ ಸಾಯುವುದಿಲ್ಲ ಎಂಬುದು, ನಮ್ಮ ಬದುಕಿನ ನಡುವಿನಿಂದಲೇ ಎತ್ತಿಕೊಂಡ ಮಾತಿನಂತಿದೆ.

ನಮ್ಮಲ್ಲಿ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟವಿರುತ್ತದೆ. ಮತ್ತಿ, ಕಿಂದಳ, ನಂದಿ, ಹೊನ್ನೆ ಇಂಥ ಮರಗಳನ್ನು ಹತ್ತಿ, ಕತ್ತಿಯಿಂದ ರೆಂಬೆ ಸವರಿ, ಹಸಿ ಸೊಪ್ಪನ್ನು ಕೊಟ್ಟಿಗೆಗೂ ತೋಟಕ್ಕೂ ತರುತ್ತೇವೆ. ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತೇವೆ. ಹೊರಗಿನವರು ಬಂದು ನೋಡಿದರೆ ಬೋಳಾಗಿ ನಿಂತ ಆ ಮರಗಳನ್ನು ಕಂಡು ಕ್ರೌರ್ಯವೆಂದು ಭಾವಿಸಬಹುದು. ಆದರೆ ಎಲ್ಲಿ ಸವರಬೇಕು, ತುದಿಯನ್ನು ಏಕೆ ಬಿಡಬೇಕು, ಈ ವರ್ಷ ಕಡಿದ ಮರವನ್ನು ಮತ್ತೆ ಯಾವಾಗ ಮುಟ್ಟಬೇಕು ಎಂಬ ಲೆಕ್ಕ ಗೊತ್ತಿದ್ದವನ ಬೆಟ್ಟದಲ್ಲಿ ಅಜ್ಜನ ಕಾಲದ ಮರ ಮೊಮ್ಮಗನ ಕಾಲಕ್ಕೂ ಚಿಗುರುತ್ತಿರುತ್ತದೆ. ಲೆಕ್ಕ ತಪ್ಪಿದವನ ಬೆಟ್ಟ ಬೋಳಾದದ್ದನ್ನೂ ನೋಡಿದ್ದೇವೆ. ನಾವೆಲ್ಲ ಪುಣ್ಯವಂತರೆಂದು ಹೇಳುತ್ತಿಲ್ಲ.

ಕೊಲ್ಲುವವನ ವಿದ್ಯೆ ಬೇರೆ. ಮರ ಬೇಡವಾದವನು ಅದನ್ನು ಕಡಿಯುವುದೇ ಇಲ್ಲ. ಬುಡದಲ್ಲಿ ಸುತ್ತ ಒಂದು ಗೇಣಿನಷ್ಟು ತೊಗಟೆಯನ್ನು ಉಂಗುರದಂತೆ ಸುಲಿದು ಬಿಡುತ್ತಾನೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಒಳಪದರದ ಮೂಲಕ ಬೇರಿಗೆ ಇಳಿಯುತ್ತದೆ. ಆ ದಾರಿ ತುಂಡಾದರೆ ಬೇರು ಹಸಿದು ಸಾಯುತ್ತದೆ. ಮೇಲೆ ತಿಂಗಳುಗಟ್ಟಲೆ ಹಸಿರು ಹಾಗೆಯೇ ಇರುತ್ತದೆ, ದಾರಿಹೋಕರಿಗೆ ಏನೂ ಗೊತ್ತಾಗುವುದಿಲ್ಲ. ಮರ ತಾನಾಗಿ ಒಣಗಿತು ಎಂದು ಎಲ್ಲರೂ ಹೇಳುವ ಹೊತ್ತಿಗೆ ಸುಲಿದವನ ನೆನಪೇ ಯಾರಿಗೂ ಇರುವುದಿಲ್ಲ. ‘ಮರ ಸಾಯುತ್ತದೆ, ಆದರೆ ಅದನ್ನು ಯಾರೂ ಕೊಲ್ಲುವುದಿಲ್ಲ’ ಎಂದು ನೀವು ವ್ಯಾಕರಣದ ವಿಷಯವಾಗಿ ಬರೆದಿರಿ. ನಾನು ಅದನ್ನು ಬೆಟ್ಟದಲ್ಲಿ ಕಣ್ಣಾರೆ ಕಂಡಿದ್ದೇನೆ.

ಶೀರ್ಷಿಕೆಯಲ್ಲಿ ‘ಕೊಲ್ಲು’ ಎಂಬ ಪದವೇ ಇರಲಿ. ಕಿವಿಗೆ ಚುಚ್ಚಿದರೆ ಚುಚ್ಚಲಿ.

ಗಡಿನಾಡ ಕನ್ನಡತಿ

ನಾನು ಕಾಸರಗೋಡಿನವಳು, ಕನ್ನಡದಷ್ಟೇ ಮಲಯಾಳವನ್ನೂ ಓದಿಕೊಂಡು ಬೆಳೆದವಳು. ಮೇಷ್ಟ್ರ ಮಾತಿನ ಅರ್ಧವನ್ನು ಒಪ್ಪುತ್ತೇನೆ; ಅಳುವ ಕವಿತೆಯ ಬಗ್ಗೆ ಅವರು ಹೇಳಿದ ಇನ್ನರ್ಧವನ್ನು ಒಪ್ಪಲಾರೆ.

ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸುವ ಯೋಜನೆಗೆ 1973ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಸಿಂಗಳೀಕಗಳ ನೆಲೆಯಾದ ಆ ಮಳೆಕಾಡಿನ ಒಡಲೇ ಮುಳುಗುವುದರಲ್ಲಿತ್ತು. ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆಯಾದ ಕೇರಳ ಶಾಸ್ತ್ರಸಾಹಿತ್ಯ ಪರಿಷತ್ತಿನವರು ಲೆಕ್ಕಪತ್ರಗಳನ್ನು ಮುಂದಿಟ್ಟು ವಾದಿಸಿದರು, ವಿಜ್ಞಾನಿಗಳು ಬರೆದರು. ಅವರೊಂದಿಗೆ ಕವಿಗಳು ಬೀದಿಗೆ ಬಂದರು: ಸುಗತಕುಮಾರಿ, ಒ.ಎನ್.ವಿ. ಕುರುಪ್, ಅಯ್ಯಪ್ಪ ಪಣಿಕ್ಕರ್, ಕಡಮ್ಮನಿಟ್ಟ ರಾಮಕೃಷ್ಣನ್. ಅಭಿವೃದ್ಧಿಗೆ ಅಡ್ಡ ಬಂದ ‘ಮರಕವಿಗಳು’ ಎಂದು ಅವರನ್ನು ಹೀಗಳೆದವರಿದ್ದರು. ಸುಗತಕುಮಾರಿಯವರ ‘ಮರತ್ತಿನು ಸ್ತುತಿ’, ಅಂದರೆ ಮರಕ್ಕೊಂದು ಸ್ತುತಿ, ಹೋರಾಟದ ಸಭೆಗಳಲ್ಲಿ ಪ್ರಾರ್ಥನೆಯಂತೆ ಹಾಡಲ್ಪಟ್ಟಿತು. ವಿಷವನ್ನು ತಾನು ಕುಡಿದು ಲೋಕಕ್ಕೆ ಉಸಿರು ಕೊಡುವ ಮರವನ್ನು ಆ ಕವಿತೆ ನೀಲಕಂಠನಂತೆ ಕಾಣುತ್ತದೆ. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು, 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಕಾಡನ್ನು ಕವಿತೆಯೇ ಉಳಿಸಿತೆಂದು ನಾನು ಹೇಳುವುದಿಲ್ಲ. ವಿಜ್ಞಾನದ ವಾದವೂ ದೆಹಲಿಯ ತೀರ್ಮಾನವೂ ಇಲ್ಲದೆ ಅದು ಉಳಿಯುತ್ತಿರಲಿಲ್ಲ. ಆದರೆ ಸಾವಿರಾರು ಜನ ತಾವು ಎಂದೂ ನೋಡದ ಒಂದು ಕಣಿವೆಗಾಗಿ ಬಂದು ಕೂಡಬೇಕಾದರೆ, ಆ ಕಣಿವೆ ಅವರ ಬಾಯಿಯಲ್ಲಿ ಹಾಡಾಗಬೇಕಿತ್ತು. ಪಟೇಲರ ಕವಿತೆ ಒಬ್ಬ ಓದುಗನನ್ನು ಒಂಟಿಯಾಗಿ ಹಿಡಿದು ಅವನ ಕೈಯನ್ನು ಅವನಿಗೇ ತೋರಿಸುತ್ತದೆ. ಅದನ್ನು ಸಭೆಯಲ್ಲಿ ಹಾಡಲಾಗದು. ಸ್ತುತಿಯೂ ಶೋಕವೂ ನಮ್ಮ ಪರಂಪರೆಯಲ್ಲಿ ಕೂಡಿ ಹಾಡುವ ರೂಪಗಳು. ಅವುಗಳನ್ನು ದುರ್ಬಲವೆನ್ನುವುದು ಒಂಟಿ ಓದುಗನ ಅಭ್ಯಾಸದಿಂದ ಬಂದ ತೀರ್ಪು ಎಂದು ನನಗನ್ನಿಸುತ್ತದೆ.

ಹಳಗನ್ನಡದ ಓದುಗ

ಮಾನ್ಯರೇ, ಚರ್ಚೆ ‘ಆಧುನಿಕ’ ಎಂಬ ಪದದ ಬಳಿ ಒಂದು ಕ್ಷಣ ನಿಲ್ಲಲಿ. ಹಿಂಸೆ ಮಾಡುವ ಕೈಯನ್ನು ಕಾವ್ಯ ಈಗ ಹೊಸದಾಗಿ ಕಂಡುಕೊಂಡಿತೆಂಬ ಭಾವನೆ ಬೇಡ. ಪಂಪನಲ್ಲಿಯೂ ಕುಮಾರವ್ಯಾಸನಲ್ಲಿಯೂ ಖಾಂಡವವನ ದಹನದ ಪ್ರಸಂಗವಿದೆ. ಅಗ್ನಿಯ ಹಸಿವಿಗಾಗಿ ಕೃಷ್ಣಾರ್ಜುನರು ಒಂದು ಕಾಡನ್ನು ಸುತ್ತುಗಟ್ಟಿ ನಿಂತು, ತಪ್ಪಿಸಿಕೊಳ್ಳಲು ಬಂದ ಜೀವಗಳನ್ನು ಬಾಣದಿಂದ ಮತ್ತೆ ಬೆಂಕಿಗೇ ನೂಕುತ್ತಾರೆ. ಮೂಲ ಮಹಾಭಾರತದ ಪ್ರಕಾರ ಬದುಕಿ ಉಳಿದವರು ತಕ್ಷಕನ ಮಗ ಅಶ್ವಸೇನ, ಮಯ ಮತ್ತು ನಾಲ್ಕು ಶಾರ್ಙ್ಗಕ ಪಕ್ಷಿಗಳು ಮಾತ್ರ. ಉಳಿಸಿದ್ದಕ್ಕೆ ಪ್ರತಿಯಾಗಿ ಮಯ ಕಟ್ಟಿಕೊಟ್ಟದ್ದು ಇಂದ್ರಪ್ರಸ್ಥದ ಸಭಾಭವನ. ಸುಟ್ಟ ಕಾಡಿಗೂ ಹೊಳೆಯುವ ರಾಜಧಾನಿಗೂ ಇರುವ ನಂಟನ್ನು ಕಥೆಯೇ ಹೇಳುತ್ತದೆ. ಮಹಾಕಾವ್ಯ ಕೈಯನ್ನು ಮರೆಮಾಡಲಿಲ್ಲ. ಅದನ್ನು ಪರಾಕ್ರಮವೆಂದು ಕರೆಯಿತು. ಆಧುನಿಕ ಕವಿಗೆ ಆ ಹೆಸರು ದಕ್ಕಲಿಲ್ಲ, ವ್ಯತ್ಯಾಸ ಅಷ್ಟೇ.

ಇನ್ನೊಂದು ಮಾತು. ಕ್ರೌಂಚವಧೆಯಿಂದ ಕಾವ್ಯ ಹುಟ್ಟಿತೆಂದು ಇಂಥ ಚರ್ಚೆಗಳಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳುವ ಮೊದಲು ಆ ಶ್ಲೋಕದ ಮೊದಲ ಮಾತು ಯಾರನ್ನು ಉದ್ದೇಶಿಸಿದೆ ಎಂದು ನೋಡಬೇಕು. ‘ಮಾ ನಿಷಾದ’. ಶಾಪ ಬಿದ್ದದ್ದು ಹೊಟ್ಟೆಗಾಗಿ ಬಾಣ ಹೂಡಿದ ಬೇಡನ ಮೇಲೆ. ಖಾಂಡವವನ್ನು ಸುಟ್ಟವರಿಗೆ ಯಾವ ಋಷಿಯೂ ಶ್ಲೋಕದಲ್ಲಿ ಶಪಿಸಲಿಲ್ಲ. ಪ್ರಕೃತಿಯ ಬಗ್ಗೆ ಮರುಗುವ ನಮ್ಮ ಆಧುನಿಕ ಕವಿತೆಗಳೂ ಎಷ್ಟೋ ಸಲ ಕೊಡಲಿ ಹಿಡಿದ ಕೂಲಿಯನ್ನು ಪಾತಕಿಯನ್ನಾಗಿ ಮಾಡಿ, ಕೊಡಲಿ ಕೊಟ್ಟವನನ್ನು ಕವಿತೆಯ ಹೊರಗೇ ಬಿಟ್ಟಿವೆ. ಪಟೇಲರ ಕವಿತೆಯ ಗುಣವೇನೆಂದರೆ ಅಲ್ಲಿ ನಿಷಾದನಿಲ್ಲ. ‘ಹೀಗೆ ಮಾಡಬೇಕು’ ಎನ್ನುವವನಿದ್ದಾನೆ. ಅವನು ಕೆಲಸ ಮಾಡುವವನೋ, ಮಾಡಿಸುವವನೋ ತಿಳಿಯದು. ಆ ಅನಿಶ್ಚಿತತೆಯನ್ನು ಅನುವಾದದಲ್ಲಿ ದಯವಿಟ್ಟು ಕಾಪಾಡಿಕೊಳ್ಳಿ.

ಧಾರವಾಡದ ಮೇಷ್ಟ್ರು

ಹಳಗನ್ನಡದ ಓದುಗರ ಕೊನೆಯ ಸೂಚನೆಗೆ ಕನ್ನಡವೇ ನೆರವಾಗುತ್ತದೆ. ‘ಬೇರನ್ನು ಕೀಳಬೇಕು, ಹಗ್ಗ ಕಟ್ಟಿ ಎಳೆಯಬೇಕು’ ಎಂದರೆ ಸಾಕು, ಕರ್ತೃಪದ ಬೇಡ. ಯಾರು ಕೀಳಬೇಕು ಎಂಬ ಪ್ರಶ್ನೆಗೆ ‘ಬೇಕು’ ಉತ್ತರಿಸುವುದಿಲ್ಲ. ಆಳಿಗೂ ಒಡೆಯನಿಗೂ ಓದುಗನಿಗೂ ಅದು ಸಮನಾಗಿ ತಗಲುತ್ತದೆ.

ಇನ್ನೊಂದು ಕಡೆ ಮೂಲಕ್ಕಿಂತ ಕನ್ನಡ ಹೆಚ್ಚು ಕೊಟ್ಟಿತು. ಮರದ ತೊಗಟೆಯನ್ನು ಪಟೇಲರು ಕುಷ್ಠ ಹಿಡಿದ ಚರ್ಮಕ್ಕೆ ಹೋಲಿಸುತ್ತಾರೆ. ವೈದ್ಯನ ಕಣ್ಣು ಅದು, ಮರವನ್ನು ಚೆಲುವೆಂದು ತೋರಿಸಿ ಕರುಣೆ ಗಿಟ್ಟಿಸುವ ಉದ್ದೇಶ ಅದಕ್ಕಿಲ್ಲ. ಕುರೂಪವಾದ ಆ ಹೊದಿಕೆಯಿಂದಲೇ ಎಲೆ ಚಿಗುರುತ್ತದೆ ಎಂಬ ಬೆರಗು ಅದರಲ್ಲಿದೆ. ಇಂಗ್ಲಿಷಿನಲ್ಲಿ ತೊಗಟೆಗೂ ಚರ್ಮಕ್ಕೂ ಇರುವ ಪದಗಳ ನಡುವೆ ಯಾವ ಸಂಬಂಧವೂ ಕೇಳಿಸುವುದಿಲ್ಲ. ನಮ್ಮಲ್ಲಿ ‘ತೊಗಲು’ ಮತ್ತು ‘ತೊಗಟೆ’ ಒಡಹುಟ್ಟಿದವರಂತೆ ಕೇಳಿಸುತ್ತವೆ. ಸೊಪ್ಪಿನಬೆಟ್ಟದವರು ‘ತೊಗಟೆ ಸುಲಿದು’ ಎಂದು ಬರೆದಾಗ ನನ್ನ ಮೈ ಒಮ್ಮೆ ಜುಮ್ಮೆಂದಿತು. ಕೊಲೆಯನ್ನು ಹೇಳದ ಭಾಷೆ ಸುಲಿಗೆಯನ್ನು ಹೇಳುತ್ತಿತ್ತು.

ಗಡಿನಾಡಿನ ಸೋದರಿಗೆ ಉತ್ತರಿಸಲು ಇನ್ನೂ ಯೋಚಿಸುತ್ತಿದ್ದೇನೆ.

ಬೆಂಗಳೂರಿನ ನಿವಾಸಿ

ಶೀರ್ಷಿಕೆಯ ಬಗ್ಗೆ ಒಂದು ಆಕ್ಷೇಪವಿದೆ. ಕನ್ನಡದಲ್ಲಿ ಮರಕ್ಕೆ ಕೊಲೆಯಿಲ್ಲ ಎಂಬುದು ಪೂರ್ತಿ ನಿಜವಲ್ಲ. ನಮ್ಮ ಪತ್ರಿಕೆಗಳಲ್ಲಿ ‘ಮರಗಳ ಮಾರಣಹೋಮ’ ಎಂಬ ತಲೆಬರಹವನ್ನು ಎಷ್ಟೋ ಸಲ ಓದಿದ್ದೇವೆ. ಹಾಗಾದರೆ ಪದವಿದೆ, ಆದರೆ ಅದು ಎಷ್ಟು ದೊಡ್ಡ ಪದವೆಂದರೆ, ಓದಿದವನ ಕಣ್ಣಿಗೆ ಒಂದು ಮರವೂ ಕಾಣುವುದಿಲ್ಲ, ಒಂದು ಕೈಯೂ ಕಾಣುವುದಿಲ್ಲ. ಇದರ ಇನ್ನೊಂದು ತುದಿಯಲ್ಲಿ ಕಚೇರಿಯ ಕನ್ನಡವಿದೆ: ಮರಗಳ ತೆರವು, ಕಟಾವು, ವಿಲೇವಾರಿ. ಕಸವನ್ನೂ ಕಡತವನ್ನೂ ಕುರಿತು ಆಡುವ ಮಾತುಗಳೇ ಅವು. ಒಂದು ಕಡೆ ಕೂಗು, ಇನ್ನೊಂದು ಕಡೆ ಮೌನ. ನಡುವೆ ಕೀಳು, ಎಳೆ, ಸುಡು, ಬತ್ತು ಎಂಬ ಬರಿಯ ಕ್ರಿಯಾಪದಗಳಿಗೆ ಜಾಗ ಮಾಡಿಕೊಟ್ಟದ್ದೇ ಪಟೇಲರ ಕವಿತೆಯ ಸಾಧನೆ ಎಂದು ನನಗೆ ತೋರುತ್ತದೆ.

ನಮ್ಮ ಬಡಾವಣೆಯ ರಸ್ತೆ ಅಗಲೀಕರಣದ ಸಮಯದಲ್ಲಿ ನಡೆದದ್ದನ್ನು ಹೇಳುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಐವತ್ತಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆಗೆ ಪ್ರಕಟಣೆ ಹೊರಡಿಸಬೇಕು. ಮರಗಳಿಗೆ ಬಣ್ಣದಲ್ಲಿ ಸಂಖ್ಯೆ ಬರೆದು ಹೋದರು. ನನ್ನ ಮನೆಯ ಎದುರಿನ ಮಳೆಮರಕ್ಕೆ ಹದಿನೇಳನೆಯ ಸಂಖ್ಯೆ ಬಿತ್ತು. ಹದಿನಾಲ್ಕು ವರ್ಷ ಅದರ ನೆರಳಿನಲ್ಲಿ ವಾಹನ ನಿಲ್ಲಿಸಿದ್ದ ನನಗೆ ಆ ದಿನದವರೆಗೂ ಅದಕ್ಕೆ ಹೆಸರಿಡಬೇಕೆಂದು ತೋಚಿರಲಿಲ್ಲ. ಸಂಖ್ಯೆ ಬಿದ್ದ ಮೇಲೆ ಅದು ‘ಹದಿನೇಳು’ ಆಯಿತು. ನಾನು ಆಕ್ಷೇಪಣೆ ಬರೆದು ಕೊಡಬೇಕೆಂದುಕೊಂಡೆ, ಬರೆಯಲಿಲ್ಲ. ಕೊನೆಗೆ ಜೆಸಿಬಿ ಬಂತು. ಮೊದಲು ಕೊಂಬೆಗಳನ್ನು ಯಂತ್ರಗರಗಸದಿಂದ ಇಳಿಸಿದರು, ಆಮೇಲೆ ಬುಡವನ್ನು ಬಗೆದು ಬೇರು ಸಮೇತ ಮಗುಚಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲವೂ ಮುಗಿದಿತ್ತು.

ಇಲ್ಲಿಯೇ ನನ್ನ ಪ್ರಶ್ನೆ ಇರುವುದು. ಮರವನ್ನು ಕೊಲ್ಲಲು ಬಹಳ ಸಮಯ ಬೇಕು ಎಂದು 1966ರ ಕವಿತೆ ಆರಂಭವಾಗುತ್ತದೆ. ಈಗ ಬೇಡ. ಹಗ್ಗ ಕಟ್ಟಿ ಎಳೆಯುವವನ ಬೆವರು, ಅವನು ದಣಿದು ಕುಳಿತಾಗ ಮನಸ್ಸು ಬದಲಾಗಬಹುದಾದ ಆ ಬಿಡುವು, ಎಲ್ಲವನ್ನೂ ಯಂತ್ರ ಅಳಿಸಿಹಾಕಿದೆ. ಹಾಗಾದರೆ ಕವಿತೆ ಹಳತಾಯಿತೇ?

ಹಳಗನ್ನಡದ ಓದುಗ

ಹಳತಾಗಿಲ್ಲ. ಕೊಲ್ಲಲು ಬೇಕಾದ ಸಮಯ ಕುಗ್ಗಿದೆ. ಬೆಳೆಯಲು ಬೇಕಾದ ಸಮಯ ಕುಗ್ಗಿಲ್ಲ. ಕವಿತೆಯ ಮೊದಲ ಭಾಗ ಹೇಳುವುದು ಮರ ಎಷ್ಟು ನಿಧಾನವಾಗಿ ಬೆಳೆಯಿತು ಎಂಬುದನ್ನು. ಜೆಸಿಬಿಯ ಕಾಲದಲ್ಲಿ ಆ ಸಾಲುಗಳು ಮತ್ತಷ್ಟು ಭಾರವಾಗಿವೆ. ಆದರೆ ನಿಮ್ಮ ಪ್ರಶ್ನೆಯ ಇನ್ನೊಂದು ಮಗ್ಗುಲು ನಿಜ: ಯಂತ್ರದ ಸನ್ನೆಕೋಲು ಹಿಡಿದವನ ಕೈ, ಅನುಮತಿಗೆ ಸಹಿ ಹಾಕುವ ಕೈ, ಆಕ್ಷೇಪಣೆ ಬರೆಯಲಿಲ್ಲವೆಂದು ನೀವೇ ಹೇಳಿದ ಆ ಕೈ, ಇವುಗಳ ಒಳಗಿನಿಂದ ಮಾತನಾಡುವ ಕನ್ನಡ ಕವಿತೆಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.

ಸಹಿಯ ಮಾತು ಬಂದಾಗ ಕುವೆಂಪು ನೆನಪಾಗುತ್ತಾರೆ. ತುಂಗೆಯ ಮೇಲಿನ ಆಕಾಶದಲ್ಲಿ ಹಾರಿಹೋದ ಹಕ್ಕಿಯ ಸಾಲನ್ನು ಕಂಡು, ಚೆಲುವಿನ ಪಟದ ಕೆಳಗೆ ದೇವರು ರುಜು ಮಾಡಿದನೆಂದು ಅವರು ಹಾಡಿದರು. 1946ರ ‘ಪಕ್ಷಿಕಾಶಿ’ಯಲ್ಲಿದೆ ಆ ಕವಿತೆ. ಅದೇ ಕವಿ ‘ಮಲೆನಾಡಿನ ಚಿತ್ರಗಳು’ ಬರೆಯುವಾಗ ಬೇಟೆಯ ಪ್ರಸಂಗಗಳನ್ನು ಎಷ್ಟು ಉತ್ಸಾಹದಿಂದ ಹೇಳಿದ್ದಾರೆ ಎಂಬುದನ್ನೂ ನೆನೆಯಬೇಕು. ಇದನ್ನು ಅವರ ದೋಷವೆಂದು ಎತ್ತುತ್ತಿಲ್ಲ. ಕೋವಿಯೂ ಕಾಡೂ ಒಂದೇ ಮನೆಯಲ್ಲಿದ್ದ ಕಾಲದಲ್ಲಿ ಹಿಂಸೆಯನ್ನು ಬಲ್ಲವರು ರುಜುವನ್ನೂ ಓದಬಲ್ಲವರಾಗಿದ್ದರು. ನಾವು ಕೋವಿಯನ್ನೂ ಮುಟ್ಟಿಲ್ಲ, ಹಕ್ಕಿಗಳ ಹೆಸರನ್ನೂ ಅರಿತಿಲ್ಲ. ಹೀಗಾಗಿ ನಮ್ಮ ಮರುಕ ಎರಡೂ ಕಡೆಯಿಂದ ತೆಳುವಾಗಿದೆ.

ಪೋರ್ಟ್‌ಲೆಂಡ್ ಕನ್ನಡಿಗ

ಹಿಂಜರಿಯುವ ಕೈಯೊಂದನ್ನು ಈ ಚರ್ಚೆಗೆ ಸೇರಿಸುತ್ತೇನೆ. ಇಲ್ಲಿಂದ ಪಶ್ಚಿಮಕ್ಕೆ ಕಡಲ ಕಡೆ ಹೋಗುವಾಗ ವಿಲ್ಸನ್ ನದಿಯ ರಸ್ತೆ ಸಿಗುತ್ತದೆ. ಅಮೆರಿಕದ ಕವಿ ವಿಲಿಯಂ ಸ್ಟಾಫರ್ಡರ ‘ಟ್ರಾವೆಲಿಂಗ್ ಥ್ರೂ ದ ಡಾರ್ಕ್’ ಎಂಬ ಕವಿತೆ ನಡೆಯುವುದು ಆ ರಸ್ತೆಯಲ್ಲಿ. ರಾತ್ರಿ ವಾಹನಕ್ಕೆ ಸಿಕ್ಕು ಸತ್ತ ಒಂದು ಹೆಣ್ಣು ಜಿಂಕೆ ಬಿದ್ದಿದೆ. ಹೊಟ್ಟೆ ಮುಟ್ಟಿದರೆ ಬೆಚ್ಚಗಿದೆ, ಒಳಗೆ ಮರಿ ಇನ್ನೂ ಜೀವಂತವಾಗಿದೆ. ರಸ್ತೆ ಇಕ್ಕಟ್ಟು, ಹಿಂದೆ ಬರುವ ವಾಹನದವರ ಪ್ರಾಣಕ್ಕೆ ಅಪಾಯ. ಆ ಮನುಷ್ಯ ನಮ್ಮೆಲ್ಲರ ಪರವಾಗಿ ಒಂದು ಕ್ಷಣ ಯೋಚಿಸಿ, ಅದನ್ನು ನದಿಗೆ ತಳ್ಳಿಬಿಡುತ್ತಾನೆ. ಕೊಂದವನು ಅವನಲ್ಲ. ಆದರೂ ಕೊನೆಯ ಕೆಲಸ ಅವನ ಕೈಗೆ ಬಂತು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಷೇಧವಾದದ್ದು 2009ರಲ್ಲಿ. ಅದಕ್ಕಿಂತ ಹಿಂದೆ ಆ ದಾರಿಯಲ್ಲಿ ರಾತ್ರಿ ಊರಿಗೆ ಹೋಗುತ್ತಿದ್ದವರಿಗೆ ಈ ಕವಿತೆಗೆ ಟಿಪ್ಪಣಿ ಬೇಕಾಗದು.

ಗಡಿನಾಡ ಕನ್ನಡತಿ

ಕೂಡಿ ಹಾಡುವ ಕವಿತೆಯ ಪರ ಮಾತನಾಡಿದ ನಾನೇ ಅದರ ಬಗ್ಗೆ ನನಗಿರುವ ಒಂದು ಅಳುಕನ್ನೂ ಹೇಳಬೇಕು. ಒ.ಎನ್.ವಿ. ಅವರ ‘ಭೂಮಿಕ್ಕೊರು ಚರಮಗೀತಂ’ 1984ರದು. ಇನ್ನೂ ಸಾಯದ ಭೂಮಿಗೆ, ಹತ್ತಿರವಾದ ಅದರ ಸಾವನ್ನು ನೆನೆದು, ಈಗಲೇ ಆತ್ಮಶಾಂತಿ ಕೋರುವ ಕವಿತೆ ಅದು. ಸತ್ತ ಮೇಲೆ ಹಾಡಲು ಯಾರೂ ಉಳಿದಿರುವುದಿಲ್ಲವಾದ್ದರಿಂದ ಮೊದಲೇ ಹಾಡಿಬಿಡುವ ಆ ಕಲ್ಪನೆ ಎಷ್ಟು ಸಲ ಓದಿದರೂ ನನ್ನನ್ನು ಬಿಡುವುದಿಲ್ಲ. ಆದರೆ ಅಲ್ಲಿ ಭೂಮಿ ತಾಯಿ, ಮನುಷ್ಯರು ಅವಳ ಸೀರೆ ಸೆಳೆಯುವ ಮಕ್ಕಳು. ಹಿಂಸೆಯ ಘೋರತೆಯನ್ನು ಮುಟ್ಟಿಸಲು ಕವಿಗೆ ಹೆಣ್ಣಿನ ಮೈಯೇ ಬೇಕಾಯಿತು. ಹೆಣ್ಣಾಗಿ ಓದುವಾಗ ನಾನು ಯಾವ ಕಡೆ ನಿಲ್ಲಲಿ? ಸೆಳೆಯುವ ಮಕ್ಕಳಲ್ಲಿ ನಾನೂ ಒಬ್ಬಳು, ಸೆಳೆತಕ್ಕೆ ಸಿಕ್ಕ ಮೈಯೂ ನನ್ನದೇ. ನಮ್ಮ ಅಡಿಗರ ‘ಭೂಮಿಗೀತ’ದಲ್ಲಿ ಭೂಮಿ ಬರಿಯ ಕರುಣಾಮಯಿ ತಾಯಿಯಲ್ಲ ಎಂಬುದನ್ನು ಇಲ್ಲಿ ನೆನೆಯುತ್ತೇನೆ. ತಾಯಿ ಎಂದು ಕರೆದ ಮಾತ್ರಕ್ಕೆ ಗೌರವಿಸುತ್ತೇವೆಂಬ ಖಾತರಿಯಿಲ್ಲ. ತಾಯಿಯಿಂದ ಬೇಡಿ ಪಡೆಯುವವರು ಯಾರೂ ಇಲ್ಲ, ಎಲ್ಲರೂ ಹಕ್ಕೆಂದು ಪಡೆಯುವವರೇ.

ಆದರೆ ಅದೇ ತಾಯಿಯ ಪ್ರತಿಮೆಯನ್ನು ಕಡಮ್ಮನಿಟ್ಟರು ತಲೆಕೆಳಗು ಮಾಡಿದ ಕವಿತೆಯೊಂದಿದೆ. ‘ಮಗುವೇ, ಎದೆಹಾಲು ಕುಡಿಯಬೇಡ’ ಎಂಬ ಅರ್ಥದ ಶೀರ್ಷಿಕೆ ಅದರದು. ಲೋಕದಲ್ಲಿ ಬೆರೆತ ವಿಷ ಹಾಲಿಗೂ ಇಳಿದಿದೆ. ಇಲ್ಲಿ ತಾಯಿ ಸ್ತುತಿಗೆ ಏರಿ ಕುಳಿತವಳಲ್ಲ, ಹಸಿದ ಕಂದನನ್ನು ತಡೆಯಬೇಕಾಗಿ ಬಂದವಳು. ಕಾಸರಗೋಡಿನ ನಮ್ಮ ಸಂಗತಿ ನಾಡಿಗೆ ತಿಳಿಯುವ ಮೊದಲೇ ಬಂದ ಕವಿತೆ ಅದು. ಎಣ್ಮಕಜೆಯಂಥ ನಮ್ಮ ಹಳ್ಳಿಗಳಲ್ಲಿ, ಕನ್ನಡ ತುಳು ಆಡುವ ಮನೆಗಳ ಪಕ್ಕದ ಗುಡ್ಡದ ಗೇರು ತೋಟಗಳ ಮೇಲೆ, 2000ದವರೆಗೂ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗಕ್ಕೆ, ತೋಡಿಗೆ, ಹುಲ್ಲಿಗೆ ಅದು ಇಳಿಯಿತು. ದೇಶದಲ್ಲಿ ಅದರ ಬಳಕೆಯನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ನಮ್ಮ ನೆಂಟರಲ್ಲೇ ಒಂದು ಮನೆಯಲ್ಲಿ ಮೂವತ್ತು ದಾಟಿದ ಮಗನನ್ನು ಅಮ್ಮ ಇಂದಿಗೂ ಕೈಯಲ್ಲಿ ಎತ್ತಿಕೊಂಡು ಸ್ನಾನ ಮಾಡಿಸುತ್ತಾಳೆ. ಆ ಅಮ್ಮನ ಎದುರು ಕುಳಿತು ಆ ಕವಿತೆಯನ್ನು ಮನಸ್ಸಿನಲ್ಲೂ ನೆನೆಯಲು ನನ್ನಿಂದಾಗಿಲ್ಲ.

ಮೇಷ್ಟ್ರೇ, ಇದು ನಿಮ್ಮ ‘ಕೈಯ ಕವಿತೆ’ಗೆ ನಾನು ಕ್ರಮೇಣ ಹತ್ತಿರ ಬಂದ ದಾರಿ. ಹೆಲಿಕಾಪ್ಟರಿನಲ್ಲಿ ಇದ್ದವನಿಗೆ ಕೆಳಗಿನ ಮನೆ ಕಾಣುತ್ತಿರಲಿಲ್ಲ. ಪಟೇಲರ ಕವಿತೆಯ ಮನುಷ್ಯ ಬೇರಿನ ಬಿಳುಪನ್ನೂ ಒದ್ದೆಯನ್ನೂ ಕಂಡೇ ಕೀಳುತ್ತಾನೆ. ಇವನಿಗೆ ಕಾಣುವ ಅಗತ್ಯವೇ ಬರಲಿಲ್ಲ. ಇವನ ಒಳಗಿನಿಂದ ಯಾವ ಕವಿತೆ ಬಂದೀತು?

ಸೊಪ್ಪಿನಬೆಟ್ಟ

ಕನ್ನಡತಿಯವರು ಬರೆದದ್ದನ್ನು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಕಡೆಯ ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ.

ಸೈಲೆಂಟ್ ವ್ಯಾಲಿಯ ಯೋಜನೆ ನಿಂತ ಅದೇ 1983ರ ಸೆಪ್ಟೆಂಬರ್ 8ರಂದು ನಮ್ಮ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಹಲವು ಜಾತಿಯ ಮರಗಳಿದ್ದ ಕಾಡನ್ನು ಬೋಳಿಸಿ ತೇಗದ ನೆಡುತೋಪು ಮಾಡುತ್ತಿದ್ದ ಕಾಲ ಅದು. ಚಳವಳಿಯ ಘೋಷಣೆ ಮೂರು ಕ್ರಿಯಾಪದಗಳದು: ಉಳಿಸು, ಬೆಳೆಸು, ಬಳಸು. ಮೂರನೆಯ ಪದ ಅಲ್ಲಿರುವುದು ಆಕಸ್ಮಿಕವಲ್ಲ. ಮರವನ್ನು ಮುಟ್ಟಲೇಬೇಡಿ ಎಂದು ಆ ಜನ ಹೇಳಲಿಲ್ಲ. ಅವರ ಮನೆಯ ತೊಲೆ, ಕೊಟ್ಟಿಗೆಯ ಸೊಪ್ಪು, ಒಲೆಯ ಕಟ್ಟಿಗೆ ಎಲ್ಲ ಬರುವುದು ಕಾಡಿನಿಂದಲೇ. ಹಳಗನ್ನಡದ ಓದುಗರು ಕೂಲಿಯವರ ಬಗ್ಗೆ ಹೇಳಿದ್ದಕ್ಕೂ ಇದು ಸಂಬಂಧಿಸಿದೆ. ಕೊಡಲಿ ಹಿಡಿದು ಬಂದವರೂ ಹೊಟ್ಟೆಪಾಡಿನವರೇ, ಅಪ್ಪಿಕೊಂಡವರೂ ಕತ್ತಿ ಬಲ್ಲವರೇ. ಕತ್ತಿಯನ್ನು ಬಲ್ಲ ಕೈ ಅಪ್ಪಿಕೊಂಡಿತು ಎಂಬುದರಲ್ಲಿ ನನಗೆ ಒಂದು ಕವಿತೆ ಕಾಣುತ್ತದೆ. ಕೊಲ್ಲುವ ಕೈ ಬೇರೆ, ಪೂಜಿಸುವ ಕೈ ಬೇರೆ ಎಂದು ಎರಡು ಪಾಲು ಮಾಡಿದರೆ ಆ ಕವಿತೆ ತಪ್ಪಿಹೋಗುತ್ತದೆ.

ಧಾರವಾಡದ ಮೇಷ್ಟ್ರು

ನಾನು ಆರಂಭದಲ್ಲಿ ಆಡಿದ ಮಾತನ್ನು ತಿದ್ದಿಕೊಳ್ಳುತ್ತೇನೆ. ಅಳುವ ಕವಿತೆ ದುರ್ಬಲ ಎಂಬುದು ತಪ್ಪು ಮಾತು. ಕಡಮ್ಮನಿಟ್ಟರ ತಾಯಿ ಅಳುತ್ತ ನಿಂತವಳಲ್ಲ. ಅವಳ ಕೈಗೂ ಒಂದು ಕೆಲಸವಿದೆ, ಹಾಲನ್ನು ತಡೆಯುವ ಕೆಲಸ. ಸ್ಟಾಫರ್ಡರ ದಾರಿಹೋಕನಿಗೂ ಕೆಲಸವಿದೆ. ನಾನು ಹುಡುಕುತ್ತಿದ್ದದ್ದು ಕೊಲೆಗಾರನ ದನಿಯನ್ನಲ್ಲ, ಕೈ ಕಾಣುವ ಕವಿತೆಯನ್ನು ಎಂದು ಈಗ ತಿಳಿಯುತ್ತಿದೆ. ನೀವೆಲ್ಲರೂ ಕವಿತೆಗಳ ಜೊತೆಗೆ ನಿಮ್ಮ ಕೈಗಳನ್ನೂ ತಂದಿರಿ; ಬರೆಯದೆ ಹೋದ ಆಕ್ಷೇಪಣೆಯನ್ನು ಹೇಳಿಕೊಂಡ ಬೆಂಗಳೂರಿನ ಮಿತ್ರರಿಗೆ ವಿಶೇಷವಾಗಿ ಕೃತಜ್ಞನಾಗಿದ್ದೇನೆ.

ಅನುವಾದ ಒಂದು ಹಂತಕ್ಕೆ ಬಂದಿದೆ. ಶೀರ್ಷಿಕೆ ‘ಮರ ಕೊಲ್ಲುವ ಬಗೆ’. ಸೊಪ್ಪಿನಬೆಟ್ಟದವರು ಹೇಳಿದಂತೆ ಕಿವಿಗೆ ಚುಚ್ಚುತ್ತದೆ, ಚುಚ್ಚಲೆಂದೇ ಬಿಟ್ಟಿದ್ದೇನೆ. ಉಳಿದದ್ದು ಕೊನೆಯ ಸಾಲು. ಮೂಲದಲ್ಲಿ ಅದು ಐದಾರು ಸಣ್ಣ ಪದಗಳ ಒಣ ವಾಕ್ಯ, ಕೆಲಸ ಮುಗಿಯಿತೆಂದು ತಿಳಿಸುವಂಥದ್ದು. ‘ಅಲ್ಲಿಗೆ ಮುಗಿಯಿತು’ ಎಂದು ಬರೆದಿದ್ದೆ. ತರಗತಿಯಲ್ಲಿ ಓದಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ನಮ್ಮ ಮನೆಯಲ್ಲಿ ಹಾಗೆ ಹೇಳುವುದಿಲ್ಲ, ಬಾವಿ ತೋಡುವವರೂ ಬಣ್ಣ ಬಳಿಯುವವರೂ ಕೆಲಸ ತೀರಿದಾಗ ಆಯಿತು ಎನ್ನುತ್ತಾರೆ’ ಎಂದಳು. ಅವಳ ಮಾತು ಸರಿಯಿತ್ತು. ಕನ್ನಡದಲ್ಲಿ ಕೆಲಸ ತೀರಿದಾಗಲೂ ‘ಆಯಿತು’, ಯಾರಾದರೂ ಹೇಳಿದ್ದಕ್ಕೆ ಒಪ್ಪಿಕೊಂಡಾಗಲೂ ‘ಆಯಿತು’. ಹೀಗೆ ಮಾಡಬೇಕು, ಹಾಗೆ ಮಾಡಬೇಕು ಎಂದು ಕವಿತೆಯುದ್ದಕ್ಕೂ ಹೇಳಿಸಿಕೊಂಡ ಓದುಗನ ಬಾಯಿಗೆ ಕೊನೆಯಲ್ಲಿ ಬರಬೇಕಾದ ಪದ ಅದೇ.

ಹಿಂದಿನ ಸಾಲಿನಲ್ಲಿ ‘ಬತ್ತಬೇಕು’ ಇರಲೋ ‘ಬತ್ತುತ್ತದೆ’ ಇರಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಬಿಸಿಲಿಗೆ ಬಿದ್ದ ಬೇರು ಎಷ್ಟು ದಿನದಲ್ಲಿ ಬಣ್ಣ ಬದಲಿಸುತ್ತದೆ, ಮೊದಲು ಕಂದುತ್ತದೆಯೋ ಗಡುಸಾಗುತ್ತದೆಯೋ ಎಂದು ಸೊಪ್ಪಿನಬೆಟ್ಟದವರು ತಿಳಿಸಿದರೆ ಅದನ್ನೂ ಸರಿಪಡಿಸುತ್ತೇನೆ.

ಸೊಪ್ಪಿನಬೆಟ್ಟ

ಮೇಷ್ಟ್ರೇ, ಮೊದಲು ಕಂದುತ್ತದೆ. ಬಿರುಬೇಸಿಗೆಯಾದರೆ ಮೇಲುಸಿಪ್ಪೆ ಎರಡೇ ದಿನದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಗಡುಸಾಗುವುದು ಆಮೇಲೆ. ದಪ್ಪ ಬೇರಾದರೆ ಒಳಗೆ ವಾರಗಟ್ಟಲೆ ಹಸಿ ಇರುತ್ತದೆ. ಉಗುರಿನಿಂದ ಗೀರಿದರೆ ನೀರು ಒಸರುತ್ತದೆ. ಅಷ್ಟರೊಳಗೆ ಒಂದು ಒಳ್ಳೆಯ ಮಳೆ ಬಂದು ತುದಿಗೆ ಮಣ್ಣು ತಾಗಿದರೆ, ಕೆಲವು ಜಾತಿಯ ಮರಗಳು ಅಲ್ಲಿಂದಲೂ ಕುಡಿ ಒಡೆಯುವುದುಂಟು. ‘ಬತ್ತಬೇಕು’ ಎಂದೇ ಬರೆಯಿರಿ.